ಟೇಪು ಮುಗಿಯುವ ಜಾಗ

ಆ ಆಲ್ಬಮ್ಮಿನಲ್ಲಿ ಇದ್ದದ್ದು ಹನ್ನೆರಡೇ ಹಾಡು. ಇದನ್ನು ಒಬ್ಬ ಮನುಷ್ಯನಿಗೆ ಒಪ್ಪಿಸಲು ನನಗೆ ಎರಡು ತಿಂಗಳು ಹಿಡಿಯಿತು. ಎರಡು ತಿಂಗಳು ಅನ್ನುತ್ತಿದ್ದೇನೆ, ಆರು ವಾರವೂ ಇರಬಹುದು. ನನ್ನ ನೆನಪನ್ನು ನಾನು ಎಂದೂ ಪೂರ್ತಿ ನಂಬಿದವನಲ್ಲ. ಆದರೆ ಹನ್ನೆರಡು ಎಂಬುದರಲ್ಲಿ ಅನುಮಾನವಿಲ್ಲ. ಅದೇ ಆಲ್ಬಮ್ಮಿನ ಮೂರು ಬೇರೆ ಬೇರೆ ಮುದ್ರಣದ ಸೀಡಿಗಳು ಕಾರಿನಲ್ಲಿ ನನ್ನ ತೊಡೆಯ ಮೇಲೆ ಇದ್ದವು. ಮೂರರ ಹಿಂಬದಿಯಲ್ಲೂ ಒಂದರಿಂದ ಹನ್ನೆರಡರವರೆಗೆ ಅಚ್ಚಾಗಿತ್ತು.

“ಇಪ್ಪತ್ತು,” ಎಂದರು ಅಂಕಲ್, ರಸ್ತೆಯಿಂದ ಕಣ್ಣು ತೆಗೆಯದೆ.

“ಹನ್ನೆರಡು ಅಂಕಲ್. ಇಲ್ಲೇ ಬರೆದಿದೆ, ಓದ್ಲಾ?”

“ಅದು ಅಮೆರಿಕದವ್ರಿಗೆ ಮಾರುದು ಮಾರಾಯಾ. ನಮ್ಮ ಊರಿಗೆ ಬರ್ತಿದ್ದದ್ದು ಫುಲ್ಲು.”

ಹಾಡಿದವನು ಅಮೆರಿಕದವನು, ಹಾಡಿದ್ದು ಅಮೆರಿಕದಲ್ಲಿ, ರೆಕಾರ್ಡು ಒತ್ತಿದ್ದು ಅಮೆರಿಕದಲ್ಲಿ. ಅವನ ಪೂರ್ತಿ ಆಲ್ಬಮ್ ಮಾತ್ರ ಮಂಗಳೂರಿಗೆ ಹೋಗಿ, ಅಮೆರಿಕದವರಿಗೆ ಎಂಟು ಹಾಡು ಕಡಿಮೆ ಬಿದ್ದವು ಎಂಬುದು ಅವರ ಸಿದ್ಧಾಂತ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು ಬೆಳಿಗ್ಗೆ ಏಳೂವರೆಗೆ ಡಂಬಾರ್ಟನ್ ಸೇತುವೆಯ ಮೇಲೆ ಇದನ್ನೆಲ್ಲ ಕೇಳಿಕೊಂಡು ಸುಮ್ಮನಿರಬೇಕಿತ್ತು. ಏಕೆಂದರೆ ಕಾರು ಅವರದು, ನನಗೆ ಇನ್ನೂ ಲೈಸೆನ್ಸ್ ಸಿಕ್ಕಿರಲಿಲ್ಲ, ಮತ್ತು ಕಾರಿನಲ್ಲಿ ಇಬ್ಬರಿದ್ದರೆ ಮಾತ್ರ ಬೇಗ ಸಾಗುವ ಕಾರ್‌ಪೂಲ್ ಲೇನು.

ನಾವಿಬ್ಬರೂ ನೆವಾರ್ಕಿನ ಒಂದೇ ಅಪಾರ್ಟ್‌ಮೆಂಟ್ ಕಟ್ಟಡದಲ್ಲಿದ್ದೆವು. ನಾನು ಮಹಡಿಯ ಮೇಲೆ, ಅಂಕಲ್ ಮತ್ತು ಆಂಟಿ ನನ್ನ ಕೆಳಗೆ. ಕೆಲಸವೂ ಸೇತುವೆಯಾಚೆಯ ಮೌಂಟನ್ ವ್ಯೂನ ಒಂದೇ ಕಂಪನಿಯಲ್ಲಿ. ಜನರ ಹುಟ್ಟುಹಬ್ಬ, ಮದುವೆಯ ದಿನಗಳನ್ನು ಬರೆದಿಟ್ಟುಕೊಂಡು ಸಮಯಕ್ಕೆ ಸರಿಯಾಗಿ ಅವರಿಗೆ ಇಮೇಲ್ ಕಳಿಸಿ ನೆನಪಿಸುವುದು ಆ ಕಂಪನಿಯ ವ್ಯಾಪಾರ. ಅದರಿಂದ ಲಾಭ ಹೇಗೆ ಬರುತ್ತದೆಂದು ಡಾಟ್‌ಕಾಂ ಕಂಪನಿಗಳ ಆ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳಿದವರನ್ನು ಹಳೆಯ ಕಾಲದವರೆಂದು ನೋಡುತ್ತಿದ್ದರು. ನಾನು ಪ್ರೋಗ್ರಾಂ ಬರೆಯುತ್ತಿದ್ದೆ. ಅಂಕಲ್ ಸರ್ವರ್ ಕೋಣೆಯ ಕೇಬಲ್ಲು, ಏಸಿ, ಬ್ಯಾಟರಿ ನೋಡಿಕೊಳ್ಳುತ್ತಿದ್ದರು. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ ಕುಟುಂಬದವರು. ಹನ್ನೆರಡು ವರ್ಷ ಗಲ್ಫಿನಲ್ಲಿದ್ದು ಆಮೇಲೆ ಇಲ್ಲಿಗೆ ಬಂದಿದ್ದರು. ನನಗೆ ಇಪ್ಪತ್ತೆಂಟು, ಅವರಿಗೆ ಐವತ್ತರ ಹತ್ತಿರ.

ಅವರ ಕಾರಿನಲ್ಲಿ ಕಂಟ್ರಿ ಸಂಗೀತ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಮಂಗಳೂರಿನ ಕ್ರಿಶ್ಚಿಯನ್ನರ ಮನೆಗಳಿಗೆ ಈ ಅಮೆರಿಕದ ಹಳ್ಳಿ ಹಾಡುಗಳು ಯಾವ ದಾರಿಯಿಂದ ಬಂದು ಸೇರಿದವೋ ನನಗೆ ಗೊತ್ತಿಲ್ಲ. ಅವರ ಮಾತು ಕೇಳಿದರೆ ಮದುವೆ, ನಾಮಕರಣ, ಚರ್ಚಿನ ಹಬ್ಬದ ಮಧ್ಯಾಹ್ನದ ಊಟ, ಯಾವುದೂ ಆ ಮೃದು ದನಿಯ ಗಾಯಕರಿಲ್ಲದೆ ನಡೆಯುತ್ತಿರಲಿಲ್ಲ. ಹಾಡುಗಳಲ್ಲಿ ಯಾವಾಗಲೂ ಒಬ್ಬ ತಾಯಿ ಕಾಯುತ್ತಿದ್ದಳು, ಒಂದು ಪತ್ರ ತಡವಾಗಿ ತಲುಪುತ್ತಿತ್ತು, ಒಬ್ಬ ಗಂಡಸು ಹೋಟೆಲಿನ ಮೂಲೆಯಲ್ಲಿ ಕೂತು ಕುಡಿದು ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುತ್ತಿದ್ದ. ಹಿಂದೆ ಒಂದು ಗಿಟಾರು ಅಳುವ ಮಗುವಿನ ಹಾಗೆ ಮೇಲಿಂದ ಕೆಳಕ್ಕೆ ಜಾರುತ್ತಿತ್ತು. ಹೋಗುವಾಗ ಒಂದು ಆಲ್ಬಮ್, ಬರುವಾಗ ಒಂದು. ಎಲ್ಲದರ ಮುಖಪುಟದಲ್ಲೂ ಮರದ ಬೇಲಿಗೆ ಒರಗಿದ ಮನುಷ್ಯ. ನಾನು ಒಮ್ಮೆ ರೇಡಿಯೋ ಹಾಕಿ, ಆಗ ಜನಪ್ರಿಯರಾಗಿದ್ದ ಹೊಸ ಗಾಯಕರನ್ನಾದರೂ ಕೇಳೋಣವೆಂದೆ. ಕಿವಿಗೆ ಮೈಕು ಸಿಕ್ಕಿಸಿಕೊಂಡು ಕ್ರೀಡಾಂಗಣಗಳಲ್ಲಿ ಹೊಗೆ ಬೆಂಕಿ ಮಾಡಿ ಹಾಡುವವರು.

“ಇವ್ರದ್ದು ಟೊಪ್ಪಿ ಮಾತ್ರ ಕಂಟ್ರಿ,” ಎಂದು ಅಂಕಲ್ ರೇಡಿಯೋ ಆರಿಸಿದರು.

ಅವರಿಗೆ ಬೇಕಾಗಿದ್ದು ಒಂದೇ ಒಂದು ಹಾಡು. ಅದು ಯಾಕೆಂದು ಅವರು ನನಗೆ ತುಂಡು ತುಂಡಾಗಿ ಹೇಳಿದರು. ಮದುವೆಗೆ ಮೊದಲು, ಒಂದು ಮನೆಯ ಪಾರ್ಟಿಯಲ್ಲಿ, ಆ ಹಾಡಿಗೆ ಅವರು ಆಂಟಿಯ ಜೊತೆ ಮೊದಲ ಸಲ ಡಾನ್ಸ್ ಮಾಡಿದ್ದು. ಮದುವೆಯ ದಿನವೂ ಅದೇ ಹಾಡೆಂದು ತೀರ್ಮಾನವಾಗಿತ್ತು. ಆದರೆ ಮದುವೆಗೆ ಮೂರು ವಾರವಿರುವಾಗ ಅಂಕಲ್‌ನ ತಂದೆ ತೀರಿಕೊಂಡರು. ದಿನ ಮುಂದೆ ಹಾಕುವಂತಿರಲಿಲ್ಲ, ಗಲ್ಫಿನ ವೀಸಾ ಬಂದಿತ್ತು. ಹಾಗಾಗಿ ಬ್ಯಾಂಡಿಲ್ಲದೆ, ಡಾನ್ಸಿಲ್ಲದೆ, ಚರ್ಚಿನಲ್ಲಿ ಮದುವೆ ಮುಗಿಸಿ ಎಲ್ಲರೂ ಸುಮ್ಮನೆ ಊಟ ಮಾಡಿ ಹೋದರು. “ಡಾನ್ಸ್ ಮತ್ತೆ ಮಾಡುವಾ,” ಎಂದು ಅಂಕಲ್ ಹೆಂಡತಿಗೆ ಮಾತು ಕೊಟ್ಟರು. ಆ ‘ಮತ್ತೆ’ ಇಪ್ಪತ್ತು ವರ್ಷವಾಗಿತ್ತು. ಈಗ ಆಂಟಿಯ ಎರಡೂ ಮೊಣಕಾಲು ಸವೆದು, ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಅದಕ್ಕೆ ಮುಂಚಿನ ಶನಿವಾರ ಮಧ್ಯಾಹ್ನ ಚರ್ಚಿನ ಹಾಲ್ ಗೊತ್ತು ಮಾಡಿ, ಇಪ್ಪತ್ತನೇ ವರ್ಷದ ಊಟವೆಂದು ಊರವರನ್ನೆಲ್ಲ ಕರೆದಾಗಿತ್ತು. ಊಟವಿದೆ ಎಂದು ಆಂಟಿಗೆ ಗೊತ್ತು, ಹಾಡಿನ ವಿಷಯ ಗೊತ್ತಿಲ್ಲ. ಕ್ಯಾಸೆಟ್ಟು ಗಲ್ಫಿನ ಯಾವುದೋ ಕೋಣೆಯಲ್ಲಿ ಯಂತ್ರಕ್ಕೆ ಸಿಕ್ಕಿ ಹರಿದು ಹೋಗಿತ್ತು.

“ಆಂಟಿನೇ ಕೇಳಿಬಿಡಿ ಅಂಕಲ್, ಯಾವ ಹಾಡು ಅಂತ.”

“ಅವಳ ಹತ್ರ ಕೇಳಿದ್ರೆ ಮತ್ತೆ ಸರ್ಪ್ರೈಸ್ ಎಂತದ್ದು, ನಿನ್ನ ತಲೆ!”

ನಾನು ಆಗ ದೊಡ್ಡ ಮಾತಾಡಿದೆ. ಇಂಟರ್ನೆಟ್ಟಿನಲ್ಲಿ ಎಲ್ಲವೂ ಇದೆ, ಅರ್ಧ ಗಂಟೆಯ ಕೆಲಸ, ನನಗೆ ಬಿಡಿ ಎಂದೆ. ಆ ವರ್ಷಗಳಲ್ಲಿ ನಾವೆಲ್ಲ ಹೀಗೇ ಮಾತಾಡುತ್ತಿದ್ದೆವು.

ಹಾಡಿನ ಬಗ್ಗೆ ಅಂಕಲ್ ಕೊಟ್ಟ ವಿವರ ಇಷ್ಟು. ಇಂಥ ಗಾಯಕನ ಇಂಥ ಆಲ್ಬಮ್. ಅದರ ಕಟ್ಟಕಡೆಯ ಹಾಡು. ಬೇರೆ ಹಾಡನ್ನೆಲ್ಲ ಅವನೊಬ್ಬನೇ ಹಾಡಿದ್ದಾನೆ, ಇದಕ್ಕೆ ಮಾತ್ರ ಒಬ್ಬ ಹೆಂಗಸನ್ನು ಕರೆಸಿದ್ದಾನೆ. ಮೊದಲು ಗಂಡಸು, ಆಮೇಲೆ ಹೆಂಗಸು. “ಮತ್ತೆ ಅವಳು ಹಾಡ್ತಾ ಇರುವಾಗಲೇ ಫಟ್ ಅಂತ ನಿಲ್ತದೆ. ಈಗಿನವ್ರಿಗೆ ಅಂಥ ಧೈರ್ಯ ಉಂಟಾ?”

ವಿಚಿತ್ರವೆಂದರೆ ಆ ಆಲ್ಬಮ್ ನನಗೂ ಗೊತ್ತಿತ್ತು. ಬೆಂಗಳೂರಿನಲ್ಲಿ ಕಾಲೇಜಿನಲ್ಲಿದ್ದಾಗ ಇಂಗ್ಲಿಷ್ ಸುಧಾರಿಸುತ್ತದೆಂಬ ಆಸೆಯಿಂದ ಅದರ ಕ್ಯಾಸೆಟ್ಟು ಮಾಡಿಸಿಕೊಂಡಿದ್ದೆ. ನನ್ನ ನೆನಪಿನಲ್ಲಿ ಅದರ ಕೊನೆಯ ಹಾಡು ರೈಲಿನದು, ನಡುನಡುವೆ ಸಿಳ್ಳೆ ಕೇಳುತ್ತದೆ. ಹೆಂಗಸಿಲ್ಲ. ಇದನ್ನು ಹೇಳಿದ್ದೇ ತಪ್ಪಾಯಿತು.

“ರೈಲಾ? ಎಂತ ರೈಲು? ಅದ್ರಲ್ಲಿ ರೈಲೇ ಇಲ್ಲ.”

“ಇದೆ ಅಂಕಲ್. ನಾನು ಕೇಳಿದೀನಿ.”

“ನಿಮ್ಮ ಮನೆ ಹತ್ರ ರೈಲು ಹೋಗಿರ್ಬೇಕು.”

ನಮ್ಮ ಹಾಸ್ಟೆಲಿನ ಹಿಂದೆ ನಿಜವಾಗಿಯೂ ರೈಲು ಹಳಿ ಇತ್ತು. ಆ ದಿನದಿಂದ ನನಗೆ ಆ ಸಿಳ್ಳೆಯ ಮೇಲೂ ಅನುಮಾನ ಬಂತು. ಈ ಮನುಷ್ಯ ನನ್ನ ನೆನಪಿನೊಳಗೆ ಕೈ ಹಾಕಿ ಒಂದು ರೈಲನ್ನು ಎತ್ತಿ ಹೊರಗಿಟ್ಟಿದ್ದರು, ನಾನು ತಡೆಯಲೂ ಇಲ್ಲ.

ಮೊದಲನೇ ಸೀಡಿ ಬಂತು. ಹನ್ನೆರಡು ಹಾಡು. ಹೆಂಗಸಿಲ್ಲ, ರೈಲೂ ಇಲ್ಲ. ಕಡಿಮೆ ಹಾಡಿನ ಮುದ್ರಣವಿರಬೇಕೆಂದು ಅಂಕಲ್ ಇನ್ನೊಂದು ತರಿಸಿದರು, ಆಮೇಲೆ ಮತ್ತೊಂದು. ನಾನು ಊಟದ ಹೊತ್ತಿನಲ್ಲಿ ಹಳೆಯ ಕಂಟ್ರಿ ಸಂಗೀತದ ಅಭಿಮಾನಿಗಳ ಚರ್ಚಾ ಗುಂಪಿಗೆ ಸೇರಿ ಪ್ರಶ್ನೆ ಹಾಕಿದೆ. ಇಂಥ ಗಾಯಕ, ಇಂಥ ಆಲ್ಬಮ್, ಕೊನೆಗೆ ಒಬ್ಬ ಹೆಂಗಸು, ಫಟ್ಟನೆ ನಿಲ್ಲುವ ಹಾಡು, ಯಾವುದು? ಒಕ್ಲಹೋಮಾದ ಒಬ್ಬರಿಂದ ಉತ್ತರ ಬಂತು. ಆ ಗಾಯಕನ ಪ್ರತಿಯೊಂದು ರೆಕಾರ್ಡೂ ತನ್ನ ಬಳಿ ಇದೆ, ಅವನು ಅಂಥ ಹಾಡು ಹಾಡಿಯೇ ಇಲ್ಲ, ಯಾವ ಹಾಡನ್ನೂ ಮುಗಿಸದೆ ಬಿಡುವಂಥ ಅಸಭ್ಯನೂ ಅಲ್ಲ ಎಂದು ಬರೆದಿದ್ದರು. ಕೊನೆಯಲ್ಲಿ, ನೀವು ಕುಡಿದಿದ್ದೀರಾ ಎಂದು ಸಭ್ಯವಾಗಿ ವಿಚಾರಿಸಿದ್ದರು. ನಾನು ಇದನ್ನು ಅಚ್ಚು ಹಾಕಿ ಅಂಕಲ್‌ಗೆ ತೋರಿಸಿದೆ.

“ಇವ ಯಾರು ಹೇಳ್ಲಿಕ್ಕೆ? ಇವ ಮಂಗ್ಳೂರಿಗೆ ಬಂದಿದ್ದಾನಾ?”

ಊಟಕ್ಕೆ ಮೂರು ವಾರ ಉಳಿದಿತ್ತು. ಅಂಕಲ್ ಈಗ ಬೆಳಿಗ್ಗೆ ನನ್ನನ್ನು ನೋಡಿದ ಕೂಡಲೇ “ಸಿಕ್ತಾ?” ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಯಾವ ಹಾಡನ್ನೂ ಹಾಕದೆ ಸುಮ್ಮನೆ ಓಡಿಸುತ್ತಿದ್ದರು. ಅರ್ಧ ಗಂಟೆಯ ಕೆಲಸವೆಂದವನು ನಾನು. ಅವರೊಬ್ಬರೇ ಹುಡುಕಿದ್ದರೆ ಊರಿಗೆ ಫೋನ್ ಮಾಡಿ ಯಾರನ್ನಾದರೂ ಹಿಡಿಯುತ್ತಿದ್ದರೋ ಏನೋ. ನನ್ನ ಮೇಲೆ ಹಾಕಿ ಕೂತಿದ್ದರು.

ಸೇತುವೆಯ ಮೇಲೆ ಅಪಘಾತವಾಗಿ ಕಾರ್‌ಪೂಲ್ ಲೇನೂ ನಿಂತುಹೋಗಿದ್ದ ಒಂದು ಬೆಳಿಗ್ಗೆ ನಾನು ತಾಳ್ಮೆ ಕಳೆದುಕೊಂಡೆ.

“ಅಂಕಲ್, ಇಪ್ಪತ್ತು ಹಾಡು ಅಂತ ಎಲ್ಲಿ ಬರೆದಿತ್ತು? ನೀವೇ ಓದಿದ್ದಾ?”

“ಬರೆಯುದು ಎಂತಕ್ಕೆ? ಎಣಿಸಿದ್ದೇನೆ. ಮೇಲೆ ಆಲ್ಬಮ್ ಹೆಸ್ರು ಟೈಪ್ ಮಾಡಿತ್ತು, ಅಷ್ಟೆ.”

“ಟೈಪ್ ಮಾಡಿತ್ತಾ? ಪ್ರಿಂಟ್ ಅಲ್ವಾ?”

“ಅಂಗಡಿಯವ ಟೈಪ್ ಮಾಡುದು ಮಾರಾಯಾ. ಅವನೇ ಅಲ್ವಾ ರೆಕಾರ್ಡ್ ಮಾಡಿ ಕೊಡುದು.”

ಅಂಗಡಿಯವನು. ನನಗೆ ಬೆಂಗಳೂರಿನ ಒಂದು ಅಂಗಡಿ ಕಣ್ಣ ಮುಂದೆ ಬಂತು. ಗಾಜಿನ ಬಾಗಿಲು, ಗೋಡೆಯುದ್ದಕ್ಕೂ ಎಲ್ಪಿ ರೆಕಾರ್ಡು, ಕೌಂಟರಿನ ಮೇಲೆ ಟೈಪು ಮಾಡಿದ ಪಟ್ಟಿಯ ಫೈಲು. ಆಗ ಈ ರೆಕಾರ್ಡುಗಳನ್ನು ನಾವ್ಯಾರೂ ಕೊಳ್ಳುತ್ತಿರಲಿಲ್ಲ. ಫೈಲಿನಲ್ಲಿ ಬೇಕಾದ ಆಲ್ಬಮ್ಮಿಗೆ ಬೆರಳು ತೋರಿಸಿ, ಖಾಲಿ ಕ್ಯಾಸೆಟ್ಟು ಕೊಟ್ಟು ಬಂದರೆ ನಾಲ್ಕು ದಿನಕ್ಕೆ ತುಂಬಿಸಿಡುತ್ತಿದ್ದರು. ಎಲ್ಪಿಯ ಒಂದು ಬದಿ ಹದಿನೈದು ಹದಿನಾರು ನಿಮಿಷ, ಕ್ಯಾಸೆಟ್ಟಿನ ಒಂದು ಬದಿ ಅರ್ಧ ಗಂಟೆ. ಅಂಗಡಿಯ ಕನ್ನಡಕದ ಮನುಷ್ಯ ಬರೆದುಕೊಳ್ಳುತ್ತಾ ಕೇಳುತ್ತಿದ್ದ: “ಉಳಿದ ಜಾಗಕ್ಕೆ ಏನು ಹಾಕ್ಲಿ?” ಮತ್ತೆ ನಾನು, ನಾನೇ, ಬಾಗಿಲಲ್ಲಿ ಒಂದು ಕಾಲಿಟ್ಟು ಹೇಳಿದ್ದೆ: “ಏನಾದ್ರೂ ಹಾಕಿ ಸಾರ್.”

ಹತ್ತು ವರ್ಷ ಆ ‘ಏನಾದರೂ’ ನನ್ನ ತಲೆಯಲ್ಲಿ ಆ ಗಾಯಕನ ಹೆಸರಿನಲ್ಲೇ ಕೂತಿತ್ತು. ನನ್ನ ರೈಲು ಅವನದಲ್ಲ. ಅಂಕಲ್‌ನ ಹೆಂಗಸೂ ಅವನದಲ್ಲ. ಅಭ್ಯಾಸದ ಪ್ರಕಾರ ಖಾಲಿ ಜಾಗ ತುಂಬಿಸಿದ ಇಬ್ಬರು ಅಂಗಡಿಯವರ ಕೈಗೆಲಸಕ್ಕಾಗಿ ನಾವಿಬ್ಬರು ಎರಡು ತಿಂಗಳಿಂದ ಜಗಳಾಡುತ್ತಿದ್ದೆವು.

ನಾನು ವಿವರಿಸಿದೆ. ಮುಂದಿನ ಕಾರು ಹತ್ತಡಿ ಸರಿಯಿತು, ಅಂಕಲ್ ಸರಿಯಲಿಲ್ಲ; ಹಿಂದಿನವನು ಹಾರ್ನ್ ಹೊಡೆದ.

“ಹಾಗಾದ್ರೆ ಆ ಹೆಂಗಸು ಯಾರು?” ಎಂದರು ಕೊನೆಗೆ, ಯಾರೋ ಮೋಸ ಮಾಡಿದವರ ಬಗ್ಗೆ ವಿಚಾರಿಸುವ ಹಾಗೆ.

ಇಷ್ಟು ದೂರ ತಲೆ ಓಡಿಸಿದವನಿಗೆ ಉಳಿದರ್ಧ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ಆಗ ನಾನು ನನ್ನ ಬುದ್ಧಿಯನ್ನು ಮೆಚ್ಚಿಕೊಳ್ಳುವುದರಲ್ಲಿದ್ದೆ.

ಆ ಶನಿವಾರ ಕ್ಯಾಂಪ್‌ಬೆಲ್‌ನಲ್ಲಿ ಹಳೆಯ ರೆಕಾರ್ಡು ಮಾರುವ ಒಂದು ಅಂಗಡಿಗೆ ಅವರನ್ನು ಕರೆದುಕೊಂಡು ಹೋದೆ. ಕರೆದುಕೊಂಡು ಹೋದೆ ಅಂದರೆ, ಅವರೇ ಓಡಿಸಿದರು. ಅಂಗಡಿಯ ಒಡತಿ ಅರವತ್ತು ದಾಟಿದ ಅಮೆರಿಕನ್ ಹೆಂಗಸು, ಬಿಳಿಯ ಜಡೆ. ನಾನು ವಿಷಯ ಹೇಳಿ, ನನ್ನ ರೈಲಿನ ಹಾಡನ್ನೂ ಸೇರಿಸಿ ಕೇಳಿದೆ. ರೈಲಿನ ಸಿಳ್ಳೆ ಇರುವ ಕಂಟ್ರಿ ಹಾಡುಗಳಿಗೆ ತನ್ನಲ್ಲಿ ಒಂದು ಇಡೀ ಕಪಾಟೇ ಇದೆ, ಯಾವುದು ಬೇಕು ಎಂದರು. ಅಲ್ಲಿಗೆ ನನ್ನ ರೈಲು ಹೋಯಿತು. ಇವತ್ತಿಗೂ ಸಿಕ್ಕಿಲ್ಲ.

ಅಂಕಲ್‌ಗೆ ಹಾಡಿನ ಮಾತು ಸರಿಯಾಗಿ ನೆನಪಿರಲಿಲ್ಲ, ರಾಗ ಇತ್ತು. ಕೌಂಟರಿನ ಮುಂದೆ ಟೊಪ್ಪಿ ತೆಗೆದು, ಚರ್ಚಿನಲ್ಲಿ ನಿಲ್ಲುವ ಹಾಗೆ ನಿಂತು, ಗುನುಗಿದರು. ಅವರ ಸ್ವರ ಅಷ್ಟು ಚೆನ್ನಾಗಿತ್ತೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಡತಿ ಎರಡು ಸಾಲು ಕೇಳಿ ಕೈ ಎತ್ತಿ ತಡೆದರು. ಹಿಂದಿನ ಕೋಣೆಗೆ ಹೋಗಿ, ಎಷ್ಟೋ ಹೊತ್ತು ರಟ್ಟಿನ ಡಬ್ಬಗಳನ್ನು ಎಳೆದಾಡಿ, ಧೂಳು ಹಿಡಿದ ಒಂದು ಎಲ್ಪಿ ತಂದರು. ಗಂಡ ಹೆಂಡತಿ ಜೋಡಿಯೊಂದು ಹಾಡಿದ್ದು. ಒಂದೆರಡು ಆಲ್ಬಮ್ ಮಾಡಿ ಆಮೇಲೆ ಅವರು ಹಾಡುವುದನ್ನು ಬಿಟ್ಟರಂತೆ, ಬಹುಶಃ ಒಬ್ಬರನ್ನೊಬ್ಬರು ಬಿಟ್ಟಿದ್ದರೂ ಇರಬಹುದು ಎಂದರು ಒಡತಿ. ಮುಖಪುಟದಲ್ಲಿ ಬೇಲಿ ಇತ್ತು.

ಸೂಜಿ ಇಳಿಸಿದರು. ಗಂಡಸಿನ ದನಿ ಒಂದು ಸಾಲು ಹಾಡಿತು. ಅಂಕಲ್ ಕೌಂಟರನ್ನು ಹಿಡಿದುಕೊಂಡರು.

“ಸಾಕು, ಸಾಕು, ನಿಲ್ಸಿ,” ಎಂದು ಕನ್ನಡದಲ್ಲೇ ಹೇಳಿದರು ಆ ಅಮ್ಮನಿಗೆ. ಆಮೇಲೆ ನನಗೆ: “ಉಳಿದದ್ದು ಅವಳ ಒಟ್ಟಿಗೇ ಕೇಳುದು.”

ಆಕೆ ಸೂಜಿ ಎತ್ತಿದರು. ಆ ದಿನ ಪೂರ್ತಿ ಕೇಳಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಸಹೋದ್ಯೋಗಿಯೊಬ್ಬನಿಂದ ಟರ್ನ್‌ಟೇಬಲ್ ಎರವಲು ತಂದು, ಆಫೀಸಿನ ಕಂಪ್ಯೂಟರಿಗೆ ಜೋಡಿಸಿ, ಆ ಹಾಡನ್ನು ಸೀಡಿಗೆ ಇಳಿಸಿದೆ. ಹಳೆಯ ರೆಕಾರ್ಡಿನ ಚಟಪಟ ಸದ್ದನ್ನು ಅಳಿಸಿದೆ. ಕೆಲಸದ ಮಧ್ಯೆ ಹಾಡು ಪೂರ್ತಿ ಕೇಳಿದೆ. ಅದು ಫಟ್ಟನೆ ನಿಲ್ಲಲಿಲ್ಲ. ಹೆಂಗಸು ತನ್ನ ಸಾಲು ಮುಗಿಸಿದಳು, ಆಮೇಲೆ ಇಬ್ಬರೂ ಸೇರಿ ಹಾಡಿದರು, ಗಿಟಾರು ಜಾರಿ ಜಾರಿ ಮೆಲ್ಲಗೆ ನಿಂತಿತು. ಅಂಕಲ್‌ನ ಇನ್ನೊಂದು ತಪ್ಪು ನೆನಪು ಎಂದುಕೊಂಡೆ. ಹೇಳಿದರೆ ಇನ್ನೊಂದು ತಿಂಗಳು ವಾದವಾಗುತ್ತದೆಂದು ಹೇಳಲಿಲ್ಲ. ಅದು ನನ್ನ ನೆನಪು. ಬೇಕೆಂದೇ ಮುಚ್ಚಿಟ್ಟೆನೋ, ಮರೆತೆನೋ, ಈಗ ಖಚಿತವಾಗಿ ಹೇಳಲಾರೆ.

ಚರ್ಚಿನ ಹಾಲಿನಲ್ಲಿ ಅರವತ್ತು ಜನರಿದ್ದರು, ಹೆಚ್ಚಿನವರು ಮಂಗಳೂರಿನ ಆಸುಪಾಸಿನವರು. ಬೇರೆ ಬೇರೆ ಊರಿಂದ ಗಂಟೆಗಟ್ಟಲೆ ಓಡಿಸಿಕೊಂಡು ಬಂದಿದ್ದರು. ಒಂದು ಬದಿಯ ಮೇಜಿನ ಮೇಲೆ ಇಡ್ಲಿಯಂಥ ಸಾನ್ನಾ, ಹಂದಿ ಮಾಂಸದ ಬಫಾತ್ ಸಾರು, ನನಗೊಬ್ಬನಿಗಾಗಿ ಮಾಡಿದ ತೊಂಡೆಕಾಯಿ ಪಲ್ಯ. ಆಂಟಿ ನೀಲಿ ರೇಷ್ಮೆ ಸೀರೆಯುಟ್ಟು ಕುರ್ಚಿಯಲ್ಲಿ ಕೂತು ಎಲ್ಲರನ್ನೂ ಊಟಕ್ಕೆ ಗದರಿಸುತ್ತಿದ್ದರು. ವಯಸ್ಸಾದ ಒಬ್ಬರು ದಂಪತಿಗಳನ್ನು ಹೊಗಳಿ ಟೋಸ್ಟ್ ಹೇಳಿದರು, ಎಲ್ಲರೂ ಲೋಟ ಎತ್ತಿದರು. ನಾನು ಮೂಲೆಯಲ್ಲಿ ಸೀಡಿ ಪ್ಲೇಯರಿನ ಪಕ್ಕ ನಿಂತಿದ್ದೆ. ಅಂಕಲ್ ನನ್ನ ಕಡೆ ನೋಡಿ ತಲೆಯಾಡಿಸಿದರು.

ಗಿಟಾರಿನ ಮೊದಲ ಎಳೆ ಕೇಳಿದ ಕೂಡಲೇ ಆಂಟಿ ಕೈಯಲ್ಲಿದ್ದ ತಟ್ಟೆಯನ್ನು ಪಕ್ಕದವರ ಮಡಿಲಲ್ಲಿ ಇಟ್ಟರು.

“ಅಯ್ಯೋ ದೇವರೇ! ಇದು ಎಲ್ಲಿಂದ ಸಿಕ್ಕಿತು ನಿಮ್ಗೆ?”

“ಬಾ,” ಎಂದರು ಅಂಕಲ್. “ಇಪ್ಪತ್ತು ವರ್ಷ ಲೇಟ್ ಆಯ್ತು.”

ಮೊಣಕಾಲು ಹಿಡಿದುಕೊಂಡೇ ಎದ್ದರು. ಇಬ್ಬರೂ ನಿಧಾನವಾಗಿ ಒಂದು ಸುತ್ತು ಹೊಡೆದರು. ಅವರ ಪದ್ಧತಿಯಂತೆ, ಒಂದು ಸುತ್ತಾದ ಮೇಲೆ ಉಳಿದ ಜೋಡಿಗಳೂ ಸೇರಿಕೊಂಡವು. ನಾನು ಗೋಡೆಗೆ ಒರಗಿದೆ. ಎರಡು ತಿಂಗಳ ತಲೆನೋವು ಮುಗಿಯಿತು ಎಂದುಕೊಂಡೆ.

ಗಂಡಸಿನ ಭಾಗ ಮುಗಿದು ಹೆಂಗಸಿನ ದನಿ ಬಂತು. ಒಂದು ಸಾಲು ಹಾಡಿದಳು. ಎರಡನೆಯ ಸಾಲಿನ ಮಧ್ಯದಲ್ಲಿ, ಒಂದು ಪದ ಇನ್ನೂ ಬಾಯಲ್ಲಿರುವಾಗಲೇ, ಅಂಕಲ್ ಮತ್ತು ಆಂಟಿ ನಿಂತುಬಿಟ್ಟರು. ಅವರಷ್ಟೇ ಅಲ್ಲ. ನಲವತ್ತು ದಾಟಿದ ಇನ್ನೂ ನಾಲ್ಕೈದು ಜೋಡಿಗಳು ಅದೇ ಕ್ಷಣದಲ್ಲಿ, ಯಾರೋ ಸ್ವಿಚ್ ಆರಿಸಿದ ಹಾಗೆ, ಕೈ ಹಿಡಿದುಕೊಂಡೇ ನಿಂತವು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಮಾತ್ರ ಕುಣಿಯುತ್ತಾ ಹೋಗಿ ದೊಡ್ಡವರಿಗೆ ಡಿಕ್ಕಿ ಹೊಡೆದರು. ನಾಲ್ಕೈದು ಜೋಡಿ ಎಂದು ಬರೆದೆ. ಎಷ್ಟೋ ಸಲ ಯೋಚಿಸಿದ್ದೇನೆ, ಎರಡೇ ಇದ್ದಿರಬಹುದೇ? ಆದರೆ ಡಿಕ್ಕಿ ಹೊಡೆದದ್ದು ನಿಜ. ಒಬ್ಬರ ಕನ್ನಡಕ ನೆಲಕ್ಕೆ ಬಿತ್ತು.

ಹಾಡು ತನ್ನ ಪಾಡಿಗೆ ಮುಂದುವರಿಯಿತು. ನಿಂತವರೆಲ್ಲ ಸ್ಪೀಕರಿನ ಕಡೆ ನೋಡಿದರು.

“ಇದು ಎಂತ, ಇನ್ನೂ ಹಾಡ್ತಾ ಉಂಟಲ್ಲ!” ಎಂದರು ಆಂಟಿ.

“ಇಷ್ಟುದ್ದ ಉಂಟಾ ಇದು?” ಎಂದರು ಇನ್ನೊಬ್ಬರು.

ಅಂಕಲ್ ನನ್ನನ್ನು ನೋಡಿದ ನೋಟದಲ್ಲಿ ನಾನೇ ಮನೆಯಲ್ಲಿ ಕೂತು ಉಳಿದರ್ಧ ಹಾಡನ್ನು ಬರೆದು ಸೇರಿಸಿದ್ದೇನೆ ಎಂಬ ಆರೋಪವಿತ್ತು. ನಾನು ಹಾಡು ನಿಲ್ಲಿಸಿದೆ.

“ಅಂಕಲ್, ಪೂರ್ತಿ ಹಾಡು ಇರೋದೇ ಹೀಗೆ. ನಿಮ್ಮ ಕ್ಯಾಸೆಟ್ಟಲ್ಲಿ ಅಲ್ಲಿಗೆ ಟೇಪು ಮುಗಿದಿತ್ತು, ಅಷ್ಟೇ!” ಹೇಳುತ್ತಿರುವಾಗಲೇ ಸೇತುವೆಯ ಮೇಲೆ ಹೊಳೆಯಬೇಕಾದದ್ದು ನನಗೆ ಹೊಳೆಯಿತು.

ಟೋಸ್ಟ್ ಹೇಳಿದ ಹಿರಿಯರು ನಕ್ಕರು. “ಹಂಪನಕಟ್ಟೆಯ ಆ ಅಂಗಡಿಯವ ಒಂದು ಮಾಸ್ಟರ್ ಮಾಡಿ ಇಟ್ಟಿದ್ದ. ಎಲ್ರಿಗೂ ಅದ್ರದ್ದೇ ಕಾಪಿ. ಇಡೀ ಊರಿಗೆ ಆ ಹಾಡು ಅಷ್ಟೇ.”

“ನನ್ಗೆ ಬೇಕಾದದ್ದೂ ಅಷ್ಟೇ,” ಎಂದರು ಆಂಟಿ.

ಆಮೇಲೆ ಅವರು ನನಗೆ ವಿವರಿಸಿದರು, ನಿಂತಲ್ಲೇ, ಅಂಕಲ್‌ನ ಕೈ ಬಿಡದೆ. ಮನೆಯ ಪಾರ್ಟಿಗಳಲ್ಲಿ ಹಾಡಿನ ಮಧ್ಯೆ ಟೇಪು ಮುಗಿದರೆ ಯಾರಾದರೂ ಹೋಗಿ ಕ್ಯಾಸೆಟ್ಟು ತಿರುಗಿಸಿ ಹಾಕಬೇಕು. ಅಲ್ಲಿಯವರೆಗೆ ಕೈ ಬಿಡುವ ಹಾಗಿಲ್ಲ, ಜೋಡಿ ಬದಲಿಸುವ ಹಾಗಿಲ್ಲ. ಅದು ಅವರ ನಿಯಮ. ಆ ದಿನ ತಿರುಗಿಸಬೇಕಾದವರು ಅಡುಗೆಮನೆಯಲ್ಲಿದ್ದರು. “ಇವರು ಡಾನ್ಸ್ ಮಾಡುವಾಗ ಒಂದು ಮಾತಾಡ್ಲಿಲ್ಲ, ಹೆದರಿಕೆ. ಟೇಪು ನಿಂತ ಮೇಲೆ ಎಲ್ಲ ಸೈಲೆಂಟ್. ಕೈ ಬಿಡ್ಲಿಕ್ಕೂ ಇಲ್ಲ, ಓಡ್ಲಿಕ್ಕೂ ಇಲ್ಲ. ಮತ್ತೆ ಬಾಯಿ ಬಿಟ್ರು, ಅಮ್ಮನನ್ನು ನಿಮ್ಮ ಮನೆಗೆ ಕಳಿಸ್ಲಾ ಅಂತ.”

“ಎಲ್ರ ಮುಂದೆ ಹೇಳ್ಬೇಕಾ ಅದನ್ನು?” ಎಂದರು ಅಂಕಲ್. ಕಿವಿ ಕೆಂಪಾಗಿತ್ತು.

“ಪುನಃ ಹಾಕು ಮಾರಾಯಾ,” ಎಂದರು ಆಂಟಿ ನನಗೆ. “ಅಲ್ಲಿಗೇ ನಿಲ್ಸು.”

ಆ ಹಾಡಿನ ಕೊನೆಯನ್ನು ಕೇಳಿದ್ದವನು ಆ ಹಾಲಿನಲ್ಲಿ ನಾನೊಬ್ಬನೇ. ಈಗ ನೆನಪಿಸಿಕೊಳ್ಳಲು ಕೂತರೆ ಇಬ್ಬರೂ ಸೇರಿ ಏನು ಹಾಡಿದರೆಂದು ನನಗೂ ಬರುವುದಿಲ್ಲ. ಆ ಪದದ ಅರ್ಧಕ್ಕೆ ನಿಂತುಹೋಗುತ್ತದೆ. ಸರಿಯಾದ, ಪೂರ್ತಿ, ಚಟಪಟವಿಲ್ಲದ ಹಾಡನ್ನು ಹುಡುಕಿ ತಂದವನಿಗೆ ಅದನ್ನು ಸರಿಯಾದ ಜಾಗದಲ್ಲಿ ಕೆಡಿಸುವ ಕೆಲಸ ಬಿತ್ತು.

ಮೊದಲ ಸಲ ಒಂದು ಪದ ತಡವಾಯಿತು. “ಲೇಟ್!” ಎಂದು ಇಡೀ ಹಾಲು ಕೂಗಿತು. ಎರಡನೆಯ ಸಲ ಆತುರಪಟ್ಟು ಒಂದು ಪದ ಮೊದಲೇ ಒತ್ತಿದೆ. “ಅಲ್ಲ, ಅಲ್ಲ, ಅವಳು ಉಸಿರು ತೆಗೆದ ಮೇಲೆ!” ಎಂದು ಐದು ಜನ ಐದು ಕಡೆಯಿಂದ ಸಲಹೆ ಕೊಟ್ಟರು. ಉಸಿರಿಗಿಂತ ಮೊದಲೋ ಆಮೇಲೋ ಎಂದು ಅವರವರಲ್ಲೇ ವಾದ ಹತ್ತಿತು. ನನಗೆ ರೇಗಿಹೋಯಿತು. ನೀವೇ ಬಂದು ಒತ್ತಿ ಎಂದೆ.

“ಕೋಪ ಮಾಡ್ಬೇಡ,” ಎಂದರು ಆಂಟಿ. “ಆದ್ರೆ ಈ ಸಲ ಸರಿ ಮಾಡು. ಇಲ್ಲದಿದ್ರೆ ನನ್ನ ಮೊಣಕಾಲು ಡಾಕ್ಟ್ರಿಗೆ ಸಿಗುದಿಲ್ಲ, ಇಲ್ಲೇ ಹೋಗ್ತದೆ.”

ಮೂರನೆಯ ಸಲ ನಾನು ಪ್ಲೇಯರನ್ನು ನೋಡಲಿಲ್ಲ. ಅವರಿಬ್ಬರ ಪಾದ ನೋಡಿದೆ. ಹೆಂಗಸು ಹಾಡಿದಳು, ಉಸಿರು ತೆಗೆದಳು, ಎರಡನೆಯ ಸಾಲು ಶುರು ಮಾಡಿದಳು. ಆಂಟಿಯ ಬಲಗಾಲು ನೆಲಕ್ಕೆ ಬಂದು ಮತ್ತೆ ಏಳದೆ ಉಳಿದ ಕ್ಷಣದಲ್ಲಿ ಒತ್ತಿದೆ.

ಟಕ್.

ಯಾರೂ ಲೇಟ್ ಎನ್ನಲಿಲ್ಲ. ಹಾಲಿನಲ್ಲಿ ಫ್ರಿಜ್ಜಿನ ಗುಂಯ್ ಸದ್ದು ಕೇಳುವಷ್ಟು ನಿಶ್ಶಬ್ದವಾಯಿತು. ಅಂಕಲ್ ತಲೆ ಬಗ್ಗಿಸಿ ಆಂಟಿಗೆ ಕೊಂಕಣಿಯಲ್ಲಿ ಏನೋ ಹೇಳಿದರು, ನನಗೆ ಅರ್ಥವಾಗಲಿಲ್ಲ. ಆಂಟಿ ಕೈ ಬಿಡಲಿಲ್ಲ. ಅರ್ಧ ನಿಮಿಷವಾಯಿತು, ಒಂದಾಯಿತು. ಮುಂದೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.

“ಬೇರೆ ಹಾಡು ಹಾಕ್ಲಾ?” ಎಂದು ಕೇಳಿದೆ.

“ಶ್!” ಎಂದರು ಎಲ್ಲರೂ ಒಟ್ಟಿಗೆ.

ಬಟನ್ನಿನ ಮೇಲೆ ಬೆರಳಿಟ್ಟುಕೊಂಡು ಹಾಗೇ ನಿಂತಿದ್ದೆ.